ಬೂದಿಗಡ್ಡಿಯ ಬಿಳಿಬೊಟ್ಟು

ದೇವದುರ್ಗ
೯ ನವೆಂಬರ್ ೨೦೨೩

ಕೂತವರೇ, ನಿಂತವರೇ, ಕಂಬಕ್ಕೆ ಒರಗಿದವರೇ, ಜಾಗ ಸಿಗದೆ ಬೇವಿನ ಮರ ಹತ್ತಿದವರೇ! ತಾಯಂದಿರೇ, ಹಿರಿಯರೇ, ಟಿಕೇಟು ಇಲ್ಲದೆ ನುಸುಳಿದ ಮಹನೀಯರೇ! ಗದ್ದಲ ನಿಲ್ಲಲಿ. ಅಳುವ ಕೂಸಿನ ಬಾಯಿಗೆ ಬೆಲ್ಲ ಬೀಳಲಿ. ಪರದೆ ಏಳುತ್ತಿದೆ!

ಗಾಬರಿಯಾಗಬೇಡಿ ಅರೀಬಾ ಮೇಡಂ. ಇಷ್ಟು ಕೂಗದೆ ಈ ಚನ್ನವೀರ ಮಾಸ್ತರನಿಗೆ ಮಾತು ಹೊರಡುವುದಿಲ್ಲ, ಕಾಗದದ ಮೇಲೂ. ನಲವತ್ತು ವರ್ಷ ಕಂಪನಿ ನಾಟಕದಲ್ಲಿ ಚಕ್ರವರ್ತಿಯಾಗಿದ್ದವನು ನಾನು. ಈಗ ರಾಜ್ಯವಿಲ್ಲ, ಗಂಟಲು ಮಾತ್ರ ಉಳಿದಿದೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕುಳಿತು, ಬರೆದ ಸಾಲನ್ನೆಲ್ಲ ಗಟ್ಟಿಯಾಗಿ ಓದುತ್ತಾ ಬರೆಯುತ್ತಿದ್ದೇನೆ.

"ಏನ್ರೀ ಮಾಸ್ತರ, ಯಾರಿಗ್ರೀ ಕಾಗದ?" ಎಂದ ಮಿರ್ಚಿ ಕರಿಯುವವನು.

"ರಾಯಚೂರಾಗ ಜಾಡದ ಡಾಕ್ಟರ್ ಅದಾರ, ಅವರಿಗೆ."

"ಜಾಡಕ್ಕೂ ಡಾಕ್ಟರ್ ಅದಾರೇನ್ರೀ! ನಮ್ಮ ಓಣ್ಯಾಗ ಮನಷ್ಯಾರಿಗೇ ಇಲ್ಲ."

ಎಲ್ಲರೂ ನಕ್ಕರು. ನಗಲಿ. ಹೋದ ತಿಂಗಳು ಮಳೆಯಲ್ಲಿ ನೀವು ಹರಿಗೋಲು ಹತ್ತಿ, ಕೃಷ್ಣೆಯ ನಡುವಿನ ನಮ್ಮ ಬೂದಿಗಡ್ಡಿಗೆ ಬಂದು, ಆಪಿನ ಹುಲ್ಲಿನಲ್ಲಿ ಮಂಡಿಯೂರಿದಾಗ ನಾನೂ ನಕ್ಕಿದ್ದೆ. ದಂಡೆಯಲ್ಲಿ ಮೊಸಳೆ ಬಾಯಿ ತೆರೆದು ಮಲಗಿದ್ದರೆ ನೀವು ಉಗುರಿನಷ್ಟು ಜೇಡ ಹುಡುಕುತ್ತಿದ್ದಿರಿ. "ಈ ಜೇಡ ನದಿಯ ನಡುಗಡ್ಡೆಗಳಲ್ಲಿ ಮಾತ್ರ ಇರುವಂತಿದೆ, ಇದರ ಕುಲಕ್ಕೆ ಇನ್ನೂ ಹೆಸರಿಲ್ಲ" ಎಂದಿರಿ. ಅಂದಿನಿಂದ ನನಗೆ ನಗು ಬಂದಿಲ್ಲ.

ಯಾಕೆಂದರೆ, ಹೆಸರಿಲ್ಲದೆ ಹೋದ ಒಬ್ಬಳು ನನ್ನ ಮನೆಯಲ್ಲೂ ಇದ್ದಳು. ನನ್ನ ಅಕ್ಕ ಬಸವಂತಮ್ಮ. ಆ ಗಡ್ಡಿಯ ಮೇಲೆಯೇ ಹುಟ್ಟಿದವಳು. ಕಂಪನಿ ಸೇರಿ ರಾಣಿಯಾದಳು, ಸೆರಗು ಹಿಡಿದ ನನ್ನನ್ನು ರಾಜನನ್ನಾಗಿ ಮಾಡಿದಳು. ಆದರೆ "ಬಸವಂತಮ್ಮ ಅಂತ ಹಾಕಿದ್ರ ಯಾವನೂ ಟಿಕೇಟ್ ತಗೊಳ್ಳಂಗಿಲ್ಲ" ಎಂದು ಮಾಲೀಕರು ಹ್ಯಾಂಡ್‌ಬಿಲ್ಲಿನಲ್ಲಿ ಕೊನೆಯವರೆಗೂ 'ಮಿಸ್ ಮಧುಮತಿ' ಎಂದೇ ಅಚ್ಚು ಹಾಕಿಸಿದರು. ಹೋದ ವರ್ಷ ತೀರಿಕೊಂಡಳು. ಅವಳ ನಿಜವಾದ ಹೆಸರು ಒಂದು ಸಲವೂ ಅಚ್ಚಾಗಲಿಲ್ಲ. ನಮ್ಮ ಗಡ್ಡಿಯ ಜೇಡಕ್ಕೆ ಅವಳ ಹೆಸರಿಡಿ. ನನ್ನ ಬೇಡಿಕೆ ಇದೊಂದೇ.

ನೀವು ಕೊಟ್ಟ ಸ್ಪಿರಿಟ್ ಕೊಳವೆಗಳಲ್ಲಿ ಮೊದಲ ಕಂತು ಕಂಡಕ್ಟರ್ ದುರುಗೇಶನ ಕೈಯಲ್ಲಿ ಕಳಿಸಿದ್ದೇನೆ. ಪೆಟ್ಟಿಗೆ ನನ್ನ ಬಣ್ಣದ ಪೆಟ್ಟಿಗೆ; ಸಫೇತಾ ಪುಡಿಯ ವಾಸನೆ ಬಂದರೆ ಮೂಗು ಮುರಿಯಬೇಡಿ. ರಾಜನ ಮುಖಕ್ಕೆ ಬೆಳಕು ಬರುತ್ತಿದ್ದುದೇ ಆ ಬಿಳಿ ಪುಡಿ, ಕೊಬ್ಬರಿ ಎಣ್ಣೆಗಳಿಂದ.

ಫೋನ್ ಮಾಡಬೇಡಿ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಕಾಗದವಾದರೆ ನಾಳೆ ಯಾರೂ ನುಡಿ ತಪ್ಪುವಂತಿಲ್ಲ. ನಿಮ್ಮ ಮೇಲೆ ಅನುಮಾನ ಅಂತಲ್ಲ.

ತಮ್ಮ
ಚನ್ನವೀರ


ರಾಯಚೂರು
೧೫ ನವೆಂಬರ್ ೨೦೨೩

ಮಾಸ್ತರರಿಗೆ ನಮಸ್ಕಾರ.

ಕೊಳವೆಗಳು ತಲುಪಿದವು. ನಿಮ್ಮ ಪತ್ರವನ್ನು ಅಮ್ಮಿಗೆ ಓದಿ ಹೇಳಿದೆ. ಅಮ್ಮಿ, ಅಂದರೆ ನನ್ನ ತಾಯಿ ಜಾಹೆದಾ ಬೇಗಂ, ಚಿಕ್ಕಂದಿನಲ್ಲಿ ರಾಯಚೂರಿನ ಥೇಟರಿನಲ್ಲಿ ಮಿಸ್ ಮಧುಮತಿಯನ್ನು ನೋಡಿದ್ದಾರಂತೆ. "ಅವರು ಅತ್ತರೆ ಹೆಂಗಸರ ಸಾಲೆಲ್ಲ ಅಳುತ್ತಿತ್ತು" ಎಂದರು.

ಆದರೆ ಹೆಸರಿನ ಬಗ್ಗೆ ನಾನು ಮಾತು ಕೊಡಲಾರೆ. ಕಾರಣ ಕೇಳಿ. ಕುಲ ಎಂದರೆ ಒಂದು ಮನೆತನ. ಪ್ರಭೇದ ಎಂದರೆ ಆ ಮನೆತನದ ಒಂದೊಂದು ಕವಲು. ಈ ಜೇಡಗಳದು ಹೊಸ ಕುಲ ಎಂಬುದು ನನಗೆ ಬಹುಮಟ್ಟಿಗೆ ಖಾತ್ರಿ. ಗಂಡಿನ ಬಾಯಿಯ ಪಕ್ಕದ ಪುಟ್ಟ ಕೈಗಳ ರಚನೆ ಬೇರೆ ಯಾವ ಕುಲದಲ್ಲೂ ಹೀಗಿಲ್ಲ. ಉಳಿದ ಪ್ರಶ್ನೆ ಒಂದೇ. ಮಾನ್ವಿ ಕಡೆ ತುಂಗಭದ್ರೆಯ ಕಾಗಿಗಡ್ಡಿಯಲ್ಲೂ ಇದೇ ಕುಲದ ಜೇಡ ಸಿಕ್ಕಿದೆ. ಅಲ್ಲಿಯದೂ ನಿಮ್ಮ ಗಡ್ಡಿಯದೂ ಒಂದೇ ಪ್ರಭೇದವೋ, ಎರಡೋ? ಎರಡಾದರೆ ನಿಮ್ಮದಕ್ಕೆ ಬೇರೆ ಹೆಸರು ಬೇಕಾಗುತ್ತದೆ. ಒಂದೇ ಆದರೆ ಮೊದಲು ಸಿಕ್ಕ ಕಾಗಿಗಡ್ಡಿಯ ಹೆಸರೇ ಎರಡಕ್ಕೂ.

ಇನ್ನು ಮುಂದೆ ಜೇಡಗಳನ್ನು ಜೀವಂತ ಕಳಿಸಿ. ಸ್ಪಿರಿಟ್‌ನಲ್ಲಿ ಬಣ್ಣ ಉಳಿಯುವುದಿಲ್ಲ. ಗಡ್ಡಿಯಲ್ಲಿ ಹಿಡಿದದ್ದನ್ನು ಮಾತ್ರ ಕಳಿಸಿ, ಮನೆಯ ಗೋಡೆಯದು ಬೇಡ. ತಪ್ಪು ತಿಳಿಯಬೇಡಿ, ನನ್ನ ಮಾರ್ಗದರ್ಶಕರಾದ ಶರಣಯ್ಯ ಸರ್ ಎಲ್ಲರಿಗೂ ಇದೇ ಮಾತು ಹೇಳುತ್ತಾರೆ. ಅವರು ತಮ್ಮ ಕನ್ನಡಕವನ್ನೂ ನಂಬುವವರಲ್ಲ.

ಕಾಗಿಗಡ್ಡಿಯ ಜೇಡಗಳನ್ನು ಕಳಿಸುತ್ತಿರುವವರು ಕಲ್ಲೂರಿನ ಕೊಟ್ರೇಶ ಅವರು. ಅವರೂ ನಾಟಕದವರಂತೆ. ನಿಮಗೆ ಪರಿಚಯವಿರಬಹುದು.

ಅರೀಬಾ


ದೇವದುರ್ಗ
೨೧ ನವೆಂಬರ್ ೨೦೨೩

ಪರಿಚಯ! ಕೇಳಿದಿರಾ ಸಭಿಕರೇ, ಪರಿಚಯವಿರಬಹುದಂತೆ!

ಮೇಡಂ, ಆ ಹೆಸರು ಓದಿದಾಗ ನನ್ನ ಕೈಯಲ್ಲಿದ್ದ ಚಹಾ ಕಪ್ಪು ನೆಲಕ್ಕೆ ಬಿತ್ತು. ಕೊಟ್ರೇಶ! ನನ್ನ ಸೇನಾಪತಿ! ನನ್ನ ಕಿರೀಟ ಕದ್ದವನು!

ಕಥೆ ಕೇಳಿ. ಪೋತ್ನಾಳದಲ್ಲಿ ಕ್ಯಾಂಪು. ಕಂಪನಿಯ ಗಡ್ಡ, ಮೀಸೆ, ಕಿರೀಟ, ಜೋಡು ಎಲ್ಲ ಒಂದೇ ಟ್ರಂಕಿನಲ್ಲಿ. ಯಾರದು ಯಾರಿಗೋ ಹೋಗಬಾರದೆಂದು ಪ್ರತಿಯೊಬ್ಬ ನಟನೂ ತನ್ನ ಸಾಮಾನಿಗೆ ತನ್ನದೊಂದು ಕುರುಹು ಮಾಡುವುದು ನಮ್ಮಲ್ಲಿ ಪದ್ಧತಿ. ನಾನು ಹೊಸ ಜೋಡಿಗೂ ಕುರುಹು ಮಾಡದೆ ಕಾಲಿಡುತ್ತಿರಲಿಲ್ಲ. ಅವತ್ತು ಮಾತ್ರ ಕುರುಹು ಕೆಲಸಕ್ಕೆ ಬರಲಿಲ್ಲ. ನಾನು ಮುಖಕ್ಕೆ ಬಣ್ಣ ಹಚ್ಚಿಕೊಂಡು ತಿರುಗುವಷ್ಟರಲ್ಲಿ ನನ್ನ ಕಿರೀಟ ಸೇನಾಪತಿಯ ತಲೆಯ ಮೇಲೆ ರಂಗದಲ್ಲಿತ್ತು! ಜನ ಸೀಟಿ ಹೊಡೆದರು. ಚಕ್ರವರ್ತಿಯಾದ ನಾನು ತಲೆಗೆ ಟವೆಲು ಸುತ್ತಿಕೊಂಡು ರಂಗಕ್ಕೆ ಬಂದೆ. "ಯಾವೂರ ತಳವಾರಲೇ ಇಂವ?" ಎಂದು ಹಿಂದಿನಿಂದ ಒಬ್ಬ ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಕಿರೀಟ ಹಿಂದಿರುಗಲಿಲ್ಲ. ಅಂದಿನಿಂದ ನಾನವನ ಮುಖ ನೋಡಿಲ್ಲ.

ಈಗ ಅವನ ಜೇಡ, ನನ್ನ ಜೇಡ ನಿಮ್ಮ ಒಂದೇ ಟೇಬಲಿನ ಮೇಲೆ. ಎರಡೂ ನೋಡಲು ಒಂದೇ ಥರ. ಕೊಳವೆಯ ಚೀಟಿ ಬದಲಾದರೆ ಮುಗಿಯಿತು, ನನ್ನ ಅಕ್ಕನ ಜೇಡ ಕಾಗಿಗಡ್ಡಿಯದಾಗುತ್ತದೆ!

ಇನ್ನೊಂದು ಮಾತು. ದುರುಗೇಶ ಬಂದು ಹೇಳಿದ: "ಮಾಸ್ತರ, ನಿಮ್ಮ ಮೇಡಂ ರಾಯಚೂರ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬ ಮುದುಕನ ಜೋಡಿ ಒಗ್ಗರಣಿ ಮಿರ್ಚಿ ತಿನ್ನಾಕತ್ತಿದ್ರು. ಗಿರಿಜಾಮೀಸಿ ಮುದುಕ. ನಗಾಕತ್ತಿದ್ರು." ಆ ಮೀಸೆ ನನಗೆ ಗೊತ್ತು ಮೇಡಂ. ಅಂಟಿಸಿದ್ದಲ್ಲ, ಸ್ವಂತದ್ದು. ನನ್ನ ಸಂಗಡ ನೀವು ಒಂದು ಕಪ್ ಚಹಾವನ್ನೂ ಕುಡಿಯಲಿಲ್ಲ.

ಇರಲಿ. ಜೀವಂತ ಜೇಡ ಕಳಿಸುತ್ತಿದ್ದೇನೆ. ಹುಲ್ಲು ತುಂಬಿದ ಡಬ್ಬಿ, ಗಾಳಿಗೆ ತೂತು. ನನ್ನದು ನನ್ನದೇ ಎಂದು ತಿಳಿಯುವ ಬಂದೋಬಸ್ತನ್ನು ನಾನು ಮಾಡಿಕೊಳ್ಳುತ್ತೇನೆ. ಏನೆಂದು ಕೇಳಬೇಡಿ.

ಚನ್ನವೀರ


ರಾಯಚೂರು
೧೮ ಡಿಸೆಂಬರ್ ೨೦೨೩

ಪ್ರೀತಿಯ ಮಾಸ್ತರರೇ,

ಉತ್ತರ ತಡವಾಯಿತು. ಖಾತ್ರಿಯಾಗದೆ ಬರೆಯಬಾರದೆಂದು ಸುಮ್ಮನಿದ್ದೆ. ಅಮ್ಮಿ ಬಿಟ್ಟರೆ ಈ ಸುದ್ದಿ ಹೇಳುತ್ತಿರುವುದು ನಿಮಗೇ ಮೊದಲು.

ಎರಡು ಪ್ರಭೇದ!

ನಿಮ್ಮ ಎರಡನೇ ಕಂತಿನ ಡಬ್ಬಿಯನ್ನು ತೆರೆದ ದಿನವೇ ಕಣ್ಣಿಗೆ ಬಿತ್ತು. ಕಣ್ಣುಗಳ ಹಿಂದೆ, ಬೆನ್ನಿನ ಗಟ್ಟಿ ಕವಚದ ನಟ್ಟನಡುವೆ, ಹಾಲಿನ ಹನಿಯಂಥ ಬಿಳಿಬೊಟ್ಟು. ಮೂರನೇ ಕಂತಿನಲ್ಲೂ ಇದೆ, ನಾಲ್ಕರಲ್ಲೂ ಇದೆ. ಹೆಣ್ಣಿಗೂ ಇದೆ, ಗಂಡಿಗೂ ಇದೆ, ಬಲಿಯದ ಮರಿಗೂ ಇದೆ. ಕೊಟ್ರೇಶ ಅವರು ಜೀವಂತ ಕಳಿಸಿದ ಒಂದರಲ್ಲೂ ಇಲ್ಲ. ನಾನೇ ಅಕ್ಟೋಬರಿನಲ್ಲಿ ನಿಮ್ಮ ಗಡ್ಡಿಯಲ್ಲಿ ಹಿಡಿದ ಎರಡರ ಮೇಲೆ ಇದನ್ನು ಕಂಡ ನೆನಪಿಲ್ಲ. ಆದರೆ ಅವತ್ತು ಮಳೆ, ಕನ್ನಡಕದ ಮೇಲೆಲ್ಲ ನೀರು. ನೋಡನೋಡುತ್ತಲೇ ಸ್ಪಿರಿಟ್‌ಗೆ ಹಾಕಿಬಿಟ್ಟಿದ್ದೆ. ಒಂದು ಜೇಡವನ್ನು ಈಗ ಸ್ಪಿರಿಟ್‌ನಲ್ಲಿಟ್ಟು ನೋಡಿದೆ. ಮರುದಿನಕ್ಕೆ ಬೊಟ್ಟು ಮಾಯ. ಅನೇಕ ಜೇಡಗಳ ಬಣ್ಣ ಹೀಗೆಯೇ ಕರಗಿ ಹೋಗುತ್ತದೆ. ಹಾಗಾಗಿ ನಿಮ್ಮ ಮೊದಲ ಕಂತಿನಲ್ಲಿ ಯಾಕೆ ಕಾಣಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು.

ಶರಣಯ್ಯ ಸರ್ ಫೋಟೋಗಳನ್ನು ಎರಡೆರಡು ಸಲ ನೋಡಿದರು. ಆಮೇಲೆ "ಬರೆಯವ್ವಾ" ಎಂದರು. ಅವರ ಬಾಯಲ್ಲಿ ಅದು ಹಾರ ಹಾಕಿದ ಹಾಗೆ.

ಬರೆಯುತ್ತಿದ್ದೇನೆ. ಬೂದಿಗಡ್ಡಿಯ ಪ್ರಭೇದಕ್ಕೆ ನಿಮ್ಮ ಅಕ್ಕನ ಹೆಸರು, ಬಸವಂತಮ್ಮ, ವಿಜ್ಞಾನದ ಪದ್ಧತಿಯಂತೆ ಕೊನೆಯಲ್ಲಿ ಸ್ವಲ್ಪ ತಿದ್ದಿ. ಬಿಳಿ ಬೊಟ್ಟಿಟ್ಟುಕೊಂಡ ರಾಣಿ ಎಂದು ಅಮ್ಮಿ ಹೇಳುತ್ತಾರೆ.

ಒಂದು ಮರಿಯನ್ನು ಸಾಕುತ್ತಿದ್ದೇನೆ, ನನ್ನ ಕಿಟಕಿಯ ಗಾಜಿನ ಭರಣಿಯಲ್ಲಿ. ನೊಣ ಹಾಕಿದರೆ ತಕ್ಷಣ ಬರುತ್ತದೆ. ಇನ್ನೂ ಒಂದೆರಡು ಡಬ್ಬಿ ಕಳಿಸಿದರೆ ಕೆಲಸ ಗಟ್ಟಿಯಾಗುತ್ತದೆ.

ಇಷ್ಟು ದಿನ ನಿಮ್ಮ ಮೇಲೆ ಒಂದು ಅನುಮಾನವಿತ್ತು ಎಂದು ಈಗ ಹೇಳಬಹುದು. ಗಡ್ಡಿಗೆ ಹೋಗದೆ ಊರಲ್ಲೇ ಹಿಡಿದು ಕಳಿಸುತ್ತೀರೇನೋ ಎಂದು. ಕ್ಷಮಿಸಿ.

ನಿಮ್ಮ
ಅರೀಬಾ


ದೇವದುರ್ಗ
೨ ಜನವರಿ ೨೦೨೪

ಅರೀಬಾ ಮೇಡಂ ಅವರಿಗೆ,

ಪತ್ರ ಮುಟ್ಟಿತು. ಸಂತೋಷ.

ಹೊಳೆ ತುಂಬಿದೆ. ಹರಿಗೋಲು ಬಿಡುತ್ತಿಲ್ಲ. ಮೈಯಲ್ಲೂ ನೆಟ್ಟಗಿಲ್ಲ. ಸದ್ಯಕ್ಕೆ ಜೇಡ ಕಳಿಸಲಾಗದು.

ಒಂದು ಸಣ್ಣ ಪ್ರಶ್ನೆ. ನಾಟಕದವನ ಕುತೂಹಲ ಅಷ್ಟೇ. ಬೇರೆ ಪ್ರಭೇದ ಎನ್ನಲು ಆ ಬೊಟ್ಟು ಒಂದೇ ಆಧಾರವೋ? ಕಾಲು, ಕಣ್ಣು, ಹಲ್ಲು, ಬೇರೆ ಏನಾದರೂ ವ್ಯತ್ಯಾಸ ಇದ್ದೇ ಇರಬೇಕಲ್ಲ? ಚೆನ್ನಾಗಿ ಹುಡುಕಿ ನೋಡಿ.

ಚನ್ನವೀರ


ರಾಯಚೂರು
೧೧ ಜನವರಿ ೨೦೨೪

ಮಾಸ್ತರರಿಗೆ,

ನಿಮ್ಮ ಪತ್ರದಲ್ಲಿ ಸಭಿಕರೇ ಇರಲಿಲ್ಲ. ಅದೇ ನನಗೆ ಮೊದಲು ಚುಚ್ಚಿತು.

ನಿಮ್ಮ ಪ್ರಶ್ನೆಗೆ ಉತ್ತರ: ಬೇರೆ ವ್ಯತ್ಯಾಸ ಇಲ್ಲ. ಕಾಲು, ಕಣ್ಣು, ಗಂಡಿನ ಪುಟ್ಟ ಕೈ, ಎಲ್ಲವೂ ಕಾಗಿಗಡ್ಡಿಯದರ ಹಾಗೆಯೇ. ಬೊಟ್ಟು ಒಂದೇ ಆಧಾರ. ಪ್ರಬಂಧವನ್ನು ಸೋಮವಾರ ಪತ್ರಿಕೆಗೆ ಕಳಿಸಿಯಾಗಿದೆ.

ಈಗ ನನ್ನ ಪ್ರಶ್ನೆಗಳು. ಹೊಳೆ ತುಂಬಿದೆ ಎಂದಿರಿ. ದುರುಗೇಶ ಅವರನ್ನು ಕೇಳಿದೆ. "ಎಲ್ಲೈತ್ರೀ ಮೇಡಂ ನೀರು, ಎಮ್ಮಿ ನಡಕೊಂತ ದಾಟಾಕತ್ತಾವ" ಎಂದರು. ಮೈ ನೆಟ್ಟಗಿಲ್ಲ ಎಂದಿರಿ. ದಿನಾ ಹೋಟೆಲಿನಲ್ಲಿ ಕೂರುತ್ತೀರಂತೆ, ಆದರೆ ಏನನ್ನೂ ಓದುವುದಿಲ್ಲವಂತೆ. ಸುಳ್ಳು ಯಾಕೆ? ಆ ಜೇಡಗಳು ನಿಜವಾಗಿಯೂ ಬೂದಿಗಡ್ಡಿಯವೋ? ಕೋಟೆಯ ಗೋಡೆಯಲ್ಲೋ, ಗುಡಿಯಲ್ಲೋ ಹಿಡಿದ ಬೇರೆ ಯಾವುದೋ ಜೇಡಕ್ಕೆ ಗಡ್ಡಿಯ ಹೆಸರು ಹೇಳಿ ಕಳಿಸಿದಿರೋ? ಒಂದೇ ಸಾಲಿನಲ್ಲಿ ಉತ್ತರಿಸಿ.

ಬಸ್ ಸ್ಟ್ಯಾಂಡಿನ ಒಗ್ಗರಣೆ ಮಂಡಕ್ಕಿಯ ವಿಷಯ: ಕೊಟ್ರೇಶ ಅವರು ಅಂದು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅಷ್ಟೇ. ನಾವು ನಕ್ಕಿದ್ದು ಅವರು ಹೇಳಿದ ನಿಮ್ಮ ಟವೆಲಿನ ಕಥೆಗೆ. ಅವರು ಅದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ನಗೆಯದೋ ಬೇರೆಯದೋ ನನಗೆ ತಿಳಿಯಲಿಲ್ಲ.

ಅರೀಬಾ


ದೇವದುರ್ಗ
೧೭ ಜನವರಿ ೨೦೨೪

ಸಭಿಕರೇ! ನ್ಯಾಯ ಹೇಳಿ!

ಒಂದೇ ಸಾಲಿನ ಉತ್ತರ ಬೇಕೆ? ತೆಗೆದುಕೊಳ್ಳಿ. ಅಷ್ಟೂ ಜೇಡ ಬೂದಿಗಡ್ಡಿಯವೇ, ನನ್ನ ಅಕ್ಕನ ಆಣೆ, ನನ್ನ ಗಂಟಲಿನ ಆಣೆ!

ಮುಳ್ಳು ಚುಚ್ಚಿಸಿಕೊಂಡು, ಮೊಸಳೆಗೆ ಹೆದರಿಕೊಂಡು, ಆಪಿನ ಹುಲ್ಲಿನಲ್ಲಿ ನಾನು ತೆವಳಿದ್ದನ್ನು ಹರಿಗೋಲಿನವನು ನೋಡಿದ್ದಾನೆ. "ಯಪ್ಪಾ, ಈ ವಯಸ್ಸಿನ್ಯಾಗ ಅಂಬೆಗಾಲು ಇಡಾಕತ್ತೀರಲ್ರೀ" ಎಂದು ಅವನು ಮರುಗಿದ. ನೀವು ಮರುಗಲಿಲ್ಲ, ಕಂಡಕ್ಟರನನ್ನು ಕೇಳಿದಿರಿ! ನನ್ನ ಹಿಂದೆ ಬೇಹುಗಾರನನ್ನು ಬಿಟ್ಟಿರಿ!

ಮತ್ತು ಆ ಕಿರೀಟಗಳ್ಳನ ಕಣ್ಣೀರು! ಎರಡನೇ ಅಂಕದ ಕೊನೆಯಲ್ಲಿ ಬೇಕೆಂದಾಗ ಕಣ್ಣೀರು ತರಿಸಲು ಅವನಿಗೆ ಕಲಿಸಿದ್ದೇ ನನ್ನ ಅಕ್ಕ. ಅವನ ಕಣ್ಣೀರನ್ನು ನಂಬುತ್ತೀರಿ, ನನ್ನ ಆಣೆಯನ್ನು ನಂಬುವುದಿಲ್ಲ. ಅವನು ನನ್ನ ಬಗ್ಗೆ ಇನ್ನೇನು ಹೇಳಿದ? ಹೆಸರು ಅವನ ಗಡ್ಡಿಗೇ ಬರಲಿ ಎಂದು ಹೇಳಿದನೇ? ನೀವೂ ಅವನೂ ಸೇರಿ ಏನು ಗೊತ್ತುಮಾಡಿದ್ದೀರಿ?

ಪ್ರಬಂಧ ಕಳಿಸಿಯಾಯಿತು ಎಂದಿರಲ್ಲ. ಇನ್ನು ನನ್ನದೇನು ಕೆಲಸ. ಅಕ್ಕನ ಹೆಸರು ಅಚ್ಚಾದ ದಿನ ಒಂದು ಪ್ರತಿ ಕಳಿಸಿ. ಸಾಕು.

ಚನ್ನವೀರ


ರಾಯಚೂರು
೩ ಫೆಬ್ರವರಿ ೨೦೨೪

ಶ್ರೀ ಚನ್ನವೀರ ಅವರಿಗೆ,

ನಾನು ಸಾಕುತ್ತಿದ್ದ ಮರಿ ಮೂರು ದಿನ ನೊಣ ಮುಟ್ಟಲಿಲ್ಲ. ಸಾಯುತ್ತದೆಂದುಕೊಂಡೆ. ನಿನ್ನೆ ಬೆಳಿಗ್ಗೆ ನೋಡಿದರೆ ಪೊರೆ ಕಳಚಿತ್ತು. ಹಳೆಯ ಕವಚ ಡಬ್ಬಿಯ ಮುಚ್ಚಳದ ಹಾಗೆ ಎದ್ದು ಬಿದ್ದಿತ್ತು. ನಿಮ್ಮ ಬಿಳಿಬೊಟ್ಟು ಆ ಕವಚದ ಮೇಲಿತ್ತು. ಪಕ್ಕದಲ್ಲಿ ಹೊಸ ಮೈಯ ಜೇಡ ನಿಂತಿತ್ತು. ಅದರ ಮೇಲೆ ಏನೂ ಇರಲಿಲ್ಲ.

ಕವಚವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಆ ಬಿಳುಪು ಜೇಡದ ಮೈಯದಲ್ಲ. ಪುಡಿ. ಎಣ್ಣೆಯಲ್ಲಿ ಕಲಸಿದ ಪುಡಿ. ನಿಮ್ಮ ಮೊದಲ ಪತ್ರವನ್ನು ತೆಗೆದು ಮತ್ತೆ ಓದಿದೆ. ಸಫೇತಾ, ಕೊಬ್ಬರಿ ಎಣ್ಣೆ.

ಅಮ್ಮಿ ನೋಡಿ, "ಮಕ್ಡಿ ಕೂ ಭೀ ಪೌಡರ್ ಲಗಾತೇ ಕ್ಯಾ?" ಎಂದರು. ಜೇಡಕ್ಕೂ ಪೌಡರ್ ಹಚ್ಚುತ್ತಾರಾ ಎಂದು. ನಗಬೇಕಾದ ಮಾತು. ನನಗೆ ನಗು ಬರಲಿಲ್ಲ.

ನಿಮಗೆ ಹೆಸರು ಬೇಕಿತ್ತು. ಹೆಸರು ಬರಬೇಕಾದರೆ ಜೇಡ ಬೇರೆಯಾಗಬೇಕು ಎಂದು ನಾನೇ ಬರೆದು ತಿಳಿಸಿದ್ದೆ. ನೀವು ಬೇರೆಯಾಗಿ ಮಾಡಿಕೊಟ್ಟಿರಿ. ಅಕ್ಕನ ಹೆಸರಿನಲ್ಲಿ ಆಣೆ ಬೇರೆ ಇಟ್ಟಿರಿ.

ಪ್ರಬಂಧ ಹಿಂದಕ್ಕೆ ತೆಗೆದುಕೊಂಡೆ. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಶರಣಯ್ಯ ಸರ್ ಕವಚ ನೋಡಿದರು, ನನ್ನನ್ನೂ ನೋಡಿದರು. "ಹೊಸ ಪ್ರಭೇದ ಸಿಕ್ಕರೆ ಲಾಭ ಯಾರಿಗೆ? ಬಣ್ಣ ಹಚ್ಚಿದ ಕೈ ದೇವದುರ್ಗದ್ದೇ ಅಂತ ನಾನು ಹೆಂಗ ನಂಬಲಿ?" ಎಂದರು. ಅವರು ಅನುಮಾನ ಪಡುತ್ತಿರುವುದು ನನ್ನ ಮೇಲೆ. ಇಪ್ಪತ್ತರಂದು ಕಮಿಟಿ ಕೂರುತ್ತದೆ. ಅಲ್ಲಿ ಉತ್ತರ ಕೊಡದಿದ್ದರೆ ನನ್ನ ಸಂಶೋಧನೆ ರದ್ದು. ನಿಜವಾದ ಕುಲವೂ ಈ ಸುಳ್ಳು ಬೊಟ್ಟಿನ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ.

ಉತ್ತರ ಬರೆಯಬೇಡಿ. ನಿಮ್ಮ ಅಕ್ಷರವನ್ನೂ ನಾನಿನ್ನು ನಂಬುವುದಿಲ್ಲ.

ಅರೀಬಾ


ದೇವದುರ್ಗ
೧೯ ಫೆಬ್ರವರಿ ೨೦೨೪

ಅರೀಬಾ ಮೇಡಂ,

ಇವತ್ತು ಹೋಟೆಲಿನಲ್ಲಿ ಬರೆಯುತ್ತಿಲ್ಲ. ಮನೆಯ ಕಟ್ಟೆಯ ಮೇಲೆ ಕೂತಿದ್ದೇನೆ. ಕೇಳುವವರು ಯಾರೂ ಇಲ್ಲ. ಸಂಜೆಯ ಬಸ್ಸಿಗೆ ದುರುಗೇಶ ಇದನ್ನು ತರುತ್ತಾನೆ. ಬರೆಯಬೇಡಿ ಎಂದಿರಿ. ಆದರೆ ನಾಳೆ ನಡೆಯುವುದನ್ನು ಮೊದಲೇ ಹೇಳದಿದ್ದರೆ ಅದನ್ನೂ ನೀವು ಮೋಸ ಎಂದುಕೊಳ್ಳುತ್ತೀರಿ.

ಬಣ್ಣ ಹಚ್ಚಿದ್ದು ನಾನೇ. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಒಂದೊಂದಕ್ಕೂ ಒಂದೊಂದು ಬೊಟ್ಟು. ಆದರೆ ನೀವು ಹೇಳಿದ ಕಾರಣಕ್ಕಲ್ಲ. ಜೇಡವನ್ನು ಬೇರೆ ಮಾಡಬೇಕೆಂದು ನಾನು ಹಚ್ಚಲಿಲ್ಲ, ನಿಮ್ಮನ್ನು ಹಿಡಿಯಬೇಕೆಂದು ಹಚ್ಚಿದೆ. ನೀವು ನನ್ನದನ್ನು ಕೊಟ್ರೇಶನದೆಂದು ಬದಲಾಯಿಸುತ್ತೀರಿ ಎಂದು ನನಗೆ ಖಾತ್ರಿಯಿತ್ತು. ಒಂದು ದಿನ ರಾಯಚೂರಿಗೆ ಬಂದು, ಅವನ ಕೊಳವೆ ಎತ್ತಿ ಹಿಡಿದು, "ಇಗೋ ನನ್ನ ಕುರುಹು!" ಎಂದು ಗರ್ಜಿಸಬೇಕೆಂದು ಮಾತು ಕೂಡ ಬಾಯಿಪಾಠ ಮಾಡಿದ್ದೆ. ಟ್ರಂಕಿನ ಗಡ್ಡ, ಜೋಡುಗಳಿಗೆ ಹಚ್ಚುತ್ತಿದ್ದ ಅದೇ ಬೊಟ್ಟು. ನೀವು ಅದನ್ನು ಜೇಡದ್ದೆಂದು ತಿಳಿಯುತ್ತೀರಿ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನಿಮ್ಮ ಡಿಸೆಂಬರಿನ ಪತ್ರ ಓದಿದಾಗ ಹೊಳೆಯಿತು. ಅದರಲ್ಲಿ ಅಕ್ಕನ ಹೆಸರಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು ಕೂತೆ. ಬೇರೆ ಏನಾದರೂ ವ್ಯತ್ಯಾಸ ಸಿಗಲಿ, ಹೆಸರೂ ಉಳಿಯಲಿ, ಸತ್ಯವೂ ಉಳಿಯಲಿ ಎಂದು ಹರಕೆ ಹೊತ್ತೆ. ಸಿಗಲಿಲ್ಲ.

ನಿಮ್ಮ ಕೊನೆಯ ಪತ್ರ ಬಂದ ಮೇಲೆ ಗಡ್ಡಿಗೆ ಹೋಗಿ ಒಂದು ಜೇಡ ಹಿಡಿದೆ. ಬೊಟ್ಟು ಇಡಲಿಲ್ಲ. ಆಮೇಲೆ ಬಸ್ಸು ಹತ್ತಿ, ಮತ್ತೊಂದು ಬಸ್ಸು ಹತ್ತಿ, ನಿನ್ನೆ ಕಲ್ಲೂರಿನಲ್ಲಿ ಇಳಿದೆ.

ಕೊಟ್ರೇಶ ಅಂಗಡಿಯ ಕಟ್ಟೆಯ ಮೇಲೆ ಮೀಸೆ ತೀಡುತ್ತಾ ಕೂತಿದ್ದ.

"ಯಾರಲೇ ಅದು? ಚನ್ಯಾ ಏನು? ನನ್ನ ಪಾಲಿಗಿ ನೀ ಸತ್ತಿದ್ದೆಲ್ಲಲೇ!"

"ಸತ್ತಿಲ್ಲ. ಅದಕ್ಕಿಂತ ಕೆಳಗಿನ ಕೆಲಸಕ್ಕ ಬಂದೀನಿ. ನಿನ್ನ ಹಂತ್ಯಾಕ ಒಂದು ಬೇಡಾಕ."

"ಏನು? ಕಿರೀಟ?"

"ಜಾಡ. ಕಾಗಿಗಡ್ಡಿದು, ಜೀವಂತ."

ಎಲ್ಲ ಹೇಳಿದೆ. ಅವನು ನಕ್ಕ ನಗೆಗೆ ಎದುರಿನ ಬೇವಿನ ಮರದ ಕಾಗೆಗಳು ಹಾರಿದವು. "ಜಾಡಕ್ಕ ಮೇಕಪ್ ಮಾಡಿದ ಮೊದಲ್ನೇ ಮಾಸ್ತರ ನೀನಾ ನೋಡಲೇ! ಮೀಸಿ ಅಂಟಿಸಿಲ್ಲ, ಪುಣ್ಯೇವು ನಮ್ದು!" ಅಂಗಡಿಗೆ ಬಂದವರನ್ನೆಲ್ಲ ನಿಲ್ಲಿಸಿ ಹೇಳಿದ. ನಾನು ತಲೆ ತಗ್ಗಿಸಿ ನಿಂತಿದ್ದೆ. ಇಂಥ ಪಾತ್ರ ನನಗೆ ರೂಢಿಯಿಲ್ಲ.

ಆಮೇಲೆ ಒಳಗೆ ಹೋದ. ತಂದದ್ದು ಜೇಡವಲ್ಲ. ನನ್ನ ಕಿರೀಟ. ರಟ್ಟು ಜೋತುಬಿದ್ದಿತ್ತು, ಬೇಗಡೆ ಕಿತ್ತಿತ್ತು. ಮಗುಚಿ ತೋರಿಸಿದ. ಒಳಗೆ ಹಣೆಯ ಪಟ್ಟಿಯ ಮೇಲೆ ನನ್ನ ಬಿಳಿಬೊಟ್ಟು ಹಾಗೇ ಇತ್ತು.

"ಅವತ್ತು ನನ್ನ ಕಿರೀಟದ ಮ್ಯಾಲ ಹಾರ್ಮೋನಿಯಂ ಮಾಸ್ತರ ಕುಂತಿದ್ದಲೇ. ಕೈಗಿ ಸಿಕ್ಕದ್ದು ಹಾಕ್ಕೊಂಡು ಓಡಿದೆ. ಮರುದಿನ ಕೊಡಾಕ ಬಂದ್ರ ನೀ ಕಳ್ಳಾ ಅಂದಿ, ಎಲ್ಲಾರ ಮುಂದ. ಕೇಳಿದ್ದರ ಕೊಡ್ತಿದ್ದೆ. ನಿನಗ ಕೇಳಾಕ ಬರಲಿಲ್ಲ ನೋಡು."

ಇದೂ ಸುಳ್ಳಿರಬಹುದು ಮೇಡಂ. ಅವನ ಕಣ್ಣಲ್ಲಿ ನೀರಿತ್ತು, ಅದನ್ನು ತರಿಸುವುದು ಅವನಿಗೆ ಗೊತ್ತು. ಆದರೆ ಅವನು ನಾಳೆ ಕಲ್ಲೂರಿನಿಂದ ಬಂದು ರಾಯಚೂರಿನಲ್ಲಿ ನನ್ನನ್ನು ಕೂಡಿಕೊಳ್ಳುತ್ತಾನೆ. ಈ ಚನ್ನವೀರ ತನ್ನ ಸಾಮಾನಿಗೆಲ್ಲ ಬಿಳಿ ಬೊಟ್ಟಿಡುವ ಅನುಮಾನದ ಪ್ರಾಣಿ ಎಂದು ನಿಮ್ಮ ಕಮಿಟಿಯ ಮುಂದೆ ಹೇಳಲು ಅವನಿಗಿಂತ ದೊಡ್ಡ ಸಾಕ್ಷಿ ಇಲ್ಲ. ಅವನ ಕೈಯಲ್ಲಿ ಕಿರೀಟವೂ ನಾನು ಬೇಡಿದ ಕಾಗಿಗಡ್ಡಿಯ ಜೇಡವೂ ಇರುತ್ತವೆ.

ಅಕ್ಕನ ಹೆಸರು ತೆಗೆದುಬಿಡಿ. ಎರಡು ಗಡ್ಡಿಗೂ ಕಾಗಿಗಡ್ಡಿಯ ಹೆಸರೇ ಇರಲಿ. ಬಣ್ಣ ಹಚ್ಚಿದ ಹೆಸರು ಅವಳಿಗೆ ಒಂದು ಇತ್ತು. ಎರಡನೆಯದು ಬೇಡ.

ನಿಮ್ಮ ಶರಣಯ್ಯ ಸರ್ ಕನ್ನಡಕವನ್ನೂ ನಂಬುವುದಿಲ್ಲ ಎಂದಿದ್ದಿರಿ. ಒಳ್ಳೆಯದು. ನನ್ನ ಮಾತನ್ನೂ ಅವರು ನಂಬುವುದು ಬೇಡ, ಕಣ್ಣಾರೆ ನೋಡಲಿ. ನಾಳೆ ಮುಂಜಾನೆ ಮೊದಲ ಬಸ್ಸಿಗೆ ರಾಯಚೂರಿಗೆ ಬರುತ್ತೇನೆ. ಬೂದಿಗಡ್ಡಿಯ ಜೇಡ, ಕಾಗಿಗಡ್ಡಿಯ ಜೇಡ, ಎರಡನ್ನೂ ಅವರ ಟೇಬಲಿನ ಮೇಲೆ ಇಡುತ್ತೇನೆ. ಎಲ್ಲರೆದುರು ಸಫೇತಾ ಕಲಸಿ ನಮ್ಮ ಗಡ್ಡಿಯದರ ಬೆನ್ನಿಗೆ ಬೊಟ್ಟಿಡುತ್ತೇನೆ. ಈ ಕೈ ಎಷ್ಟು ಸಣ್ಣ ಬೊಟ್ಟಿಡಬಲ್ಲದೆಂದು ನೋಡಲಿ. ಆಮೇಲೆ ಸ್ಪಿರಿಟ್ ಹತ್ತಿಯಿಂದ ನಾನೇ ಒರೆಸುತ್ತೇನೆ. ಅವರು ಎರಡು ಡಬ್ಬಿಯನ್ನೂ ನನ್ನ ಬೆನ್ನ ಹಿಂದೆ ಅದಲುಬದಲು ಮಾಡಿ, ನನ್ನ ಅಕ್ಕನ ಜೇಡ ಯಾವುದೆಂದು ಕೇಳಲಿ.

ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಹೇಳುತ್ತೇನೆ: ಗೊತ್ತಿಲ್ಲ.

ಚನ್ನವೀರ